ಆಗಸ್ಟಿನಲ್ಲಿ ಬಂದು ನೋಡಿ

ಡಿಸೆಂಬರಿನಲ್ಲಿ ಮನೆ ನೋಡಬೇಡಿ, ಎಮಿಲ್ಡಾಬಾಯಿ.
ಡಿಸೆಂಬರಿನಲ್ಲಿ ಅಜ್ಮಾನಿನ ಎಲ್ಲ ಮನೆಯೂ ಮದುಮಗಳೇ.
ಆಗಸ್ಟ್ ಬರಲಿ. ಮಧ್ಯಾಹ್ನ ಎರಡು ಗಂಟೆ,
ಪಾರ್ಕಿಂಗಿನ ಬೆಕ್ಕೂ ಕಾರಿನಡಿ ಸೇರಿದ ಹೊತ್ತಿಗೆ
ಪಡುವಣ ಗೋಡೆಗೆ ಅಂಗೈ ಒತ್ತಿ.
ಕಾದ ಕಾವಲಿ ಮುಟ್ಟಿದ ಹಾಗೆ ಕೈ ಹಿಂದೆ ಬಂದರೆ
ಏಜೆಂಟನ ಮಾತು ಅರ್ಧಕ್ಕೇ ಬಿಟ್ಟು ಹೊರಡಿ.

ಅವನು ಕಿಟಕಿ ತೋರಿಸುತ್ತಾನೆ, ಸೀ ವ್ಯೂ ಮೇಡಂ ಅಂತ.
ಎರಡು ಕಟ್ಟಡಗಳ ನಡುವೆ ಒಂದು ಪಟ್ಟಿ ನೀಲಿ,
ಸೀರೆಯ ಅಂಚಿನಷ್ಟು. ನೋಡಿ ಖುಷಿಪಡಿ, ತಪ್ಪಲ್ಲ.
ಆಮೇಲೆ ಮೊಣಕಾಲೂರಿ ಸಿಂಕಿನ ಕೆಳಗೆ ತಲೆ ಹಾಕಿ.
ಹೊಸ ಬಣ್ಣದ ವಾಸನೆ ಬಂತೋ, ಕೇಳಿ:
ಇಡೀ ಮನೆ ಬಿಟ್ಟು ಈ ಒಂದು ಮೂಲೆಗೇ ಯಾಕಪ್ಪ ಬಳಿದೆ?
ದಿನಾ ಎಕ್ಸ್‌ರೇ ತೆಗೆಯುವ ನಿಮಗೆ
ಚರ್ಮದ ಹಿಂದಿನದು ನಾನು ಹೇಳಬೇಕೆ.

ಹಕ್ಕುಪತ್ರದಲ್ಲಿರುವ ಹೆಸರು,
ಪಾಸ್‌ಪೋರ್ಟಿನಲ್ಲಿರುವ ಹೆಸರು,
ಎದುರು ಕೂತು ಸುಲೈಮಾನಿ ಹೀರುವ ಮನುಷ್ಯ,
ಮೂರೂ ಒಂದೇನಾ? ಆಗುವ ತನಕ ಚೆಕ್ಕು ಪರ್ಸಿನಲ್ಲೇ ಇರಲಿ.
ಸರ್ವಿಸ್ ಚಾರ್ಜಿನ ಹಳೇ ಬಾಕಿಗೆ ಬಾಯಿಮಾತು ಬೇಡ, ಕಾಗದ ಬೇಕು.
ಮದುವೆಯಾದ ಮರುದಿನ ಗಂಡನ ಸಾಲ ತಿಳಿದು ಏನು ಸುಖ.

ನಾನು ಗಂಗೊಳ್ಳಿಯ ಖಾರ್ವಿ, ದೋಣಿ ಬಿಟ್ಟು ಏಸಿ ಹಿಡಿದವನು.
ಇಪ್ಪತ್ತಾರು ವರ್ಷ ಈ ಊರಿನ ಸೀಲಿಂಗುಗಳೊಳಗೆ ತಲೆ ತೂರಿಸಿ
ಕಲಿತದ್ದು ಅಪ್ಪ ಹೇಳಿದ್ದನ್ನೇ:
ನೀರು ಎಲ್ಲಿಂದ ಬರುತ್ತದೆ, ಮೊದಲು ಅದು ಗೊತ್ತಿರಬೇಕು.
ಏಸಿಯ ನೀರು ಹೋಗುವ ಕೊಳವೆ ಹೆಬ್ಬೆರಳಿನಷ್ಟು ದಪ್ಪ;
ಅದರೊಳಗೆ ಮರಳು, ಲೋಳೆ, ಒಮ್ಮೆ ಒಂದು ಇಡೀ ಹಲ್ಲಿ.
ವರ್ಷಕ್ಕೆರಡು ಸಲ ತೊಳೆಸಿ,
ಇಲ್ಲವಾದರೆ ಅದು ನಿಮ್ಮ ಹಾಸಿಗೆಯ ಮೇಲೇ ಅಳುತ್ತದೆ.
ಗೀಸರಿನ ವಾಲ್ವು ತೊಟ್ಟಿಕ್ಕಿದರೆ ಬಟ್ಟೆ ಬಿಗಿಯಬೇಡಿ,
ಅದರ ಉಸಿರು ಅದು ಬಿಡಲಿ, ನನ್ನನ್ನು ಕರೆಯಿರಿ.
ಹೊಗೆಯ ಅಲಾರಂ ನಡುರಾತ್ರಿ ಕುಂಯ್ ಕುಂಯ್ ಎಂದರೆ
ಬ್ಯಾಟರಿ ಬದಲಿಸಿ. ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿದ
ಮೂರು ರೂಮು ನೋಡಿದ್ದೇನೆ.
ಒಂದು ನನ್ನದು.

ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ, ಕೊಳ್ಳುವ ಮೊದಲೇ.
ಒಂದು ರಾತ್ರಿ ಹದಿನಾಲ್ಕು ಜನ ಹೊಗೆಯಲ್ಲಿ ಇಳಿಯುತ್ತಿದ್ದೆವು,
ಒಂಬತ್ತನೇ ಮಹಡಿಯ ತಿರುವಿಗೆ ಯಾರೋ ಒರಗಿಸಿಟ್ಟ
ಮಗುವಿನ ಸೈಕಲ್ಲು. ಹ್ಯಾಂಡಲ್ಲು ಕಂಬಿಗೆ ಸಿಕ್ಕಿಕೊಂಡಿತ್ತು.
ಕತ್ತಲಲ್ಲಿ ಎಳೆಯುತ್ತ ನಿಂತಾಗ ಅದರ ಬೆಲ್ಲು
ಟ್ರಿಣ್ ಎಂದಿತು.
ಯಾರೂ ಸಾಯಲಿಲ್ಲ, ಬಾಯಿ. ಬೆಲ್ಲು ಮಾತ್ರ
ನಿದ್ದೆಯಲ್ಲಿ ಈಗಲೂ ದಾರಿ ಕೇಳುತ್ತದೆ.

ರಜೆಗೆ ಹೊರಡುವ ದಿನ ಬಚ್ಚಲ ಜಾಲರಿಗೆ ಒಂದು ಚೊಂಬು ನೀರು,
ಮೇಲೆ ಎರಡು ಚಮಚ ಅಡುಗೆ ಎಣ್ಣೆ;
ನೀರು ಆರದು, ಜಿರಳೆ ಏರದು.
ಏಸಿಯನ್ನು ಪೂರ್ತಿ ಆರಿಸಬೇಡಿ, ಬಿಲ್ಲಿಗೆ ಹೆದರಿ.
ಬಂದು ಕಪಾಟು ತೆರೆದರೆ
ರೇಷ್ಮೆಯ ಮೇಲೆ ಬೂಷ್ಟು ಮೊದಲು ಸ್ವಾಗತಿಸುತ್ತದೆ.

ಇಷ್ಟೆಲ್ಲ ಹೇಳಿದೆ. ನೀವು ಡಿಸೆಂಬರಿನಲ್ಲೇ ಕೊಂಡಿರಿ,
ಅದೂ ಪಡುವಣಕ್ಕೆ ಮುಖ ಮಾಡಿದ್ದು.
ಸೀರೆಯಂಚಿನ ನೀಲಿ ನಿಮ್ಮನ್ನು ಗೆದ್ದಿತು, ಇರಲಿ.
ಈಗ ಜುಲೈ. ನಿಮ್ಮ ಫೋನು:
ಖಾರ್ವಿ, ತಣ್ಣೀರಿನ ನಲ್ಲಿ ಸುಡುತ್ತಿದೆ, ಏನೋ ಕೆಟ್ಟಿದೆ!
ಏನೂ ಕೆಟ್ಟಿಲ್ಲ. ಟ್ಯಾಂಕು ತಾರಸಿಯ ಮೇಲಿದೆ, ಅದರ ಮೇಲೆ ಸೂರ್ಯ.
ಗೀಸರಿನ ಸ್ವಿಚ್ಚು ಆರಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ.
ಒಳಗಿನ ನೀರು ಏಸಿಯ ನೆರಳಲ್ಲಿ ತಣಿಯುತ್ತದೆ.
ಬೆಳಿಗ್ಗೆ ಕೆಂಪು ಗುರುತಿನ ನಲ್ಲಿ ತಿರುಗಿಸಿ,
ಮೊದಲ ಚೊಂಬು ತಲೆಯ ಮೇಲೆ ಹೊಯ್ದುಕೊಳ್ಳಿ.
ಅಕ್ಟೋಬರಿನಲ್ಲಿ ಮತ್ತೆ ಸ್ವಿಚ್ಚು ಹಾಕಲು ಮಾತ್ರ
ಮರೆಯಬೇಡಿ.