ತಟ್ಟಿ ನೋಡುವುದು

ಹೆಂಚು ಸುಳ್ಳು ಹೇಳುವುದಿಲ್ಲ, ಅನ್ನುತ್ತಿದ್ದಳು ಅಮ್ಮ.
ಜೆಪ್ಪುವಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಗೂಡಿನಿಂದ ಇಳಿಸಿದ, ಇನ್ನೂ ಬಿಸಿಯಾರದ ಹೆಂಚನ್ನು
ಎಡಗೈಯಲ್ಲಿ ಎತ್ತಿ, ಬಲಗೈ ಬೆರಳ ಗೆಣ್ಣಿನಿಂದ
ಒಂದೇ ಒಂದು ಸಲ ತಟ್ಟುವುದು ಅವಳ ಕೆಲಸ.
ಠಣ್ ಅಂದರೆ ಒಂದನೇ ನಂಬರು.
ಠಪ್ ಅಂದರೆ ಆಚೆಗೆ.
ನಡುವೆ ಇನ್ನೊಂದು ಸದ್ದಿದೆ, ಅದಕ್ಕೆ ಹೆಸರಿಲ್ಲ:
ಕಣ್ಣಿಗೆ ಕಾಣದ, ಕೂದಲೆಳೆಯಷ್ಟು ಬಿರುಕು,
ಮೂರನೇ ಮಳೆಗಾಲಕ್ಕೆ ಯಾರದೋ ತೊಟ್ಟಿಲ ಮೇಲೆ ತೊಟ್ಟಿಕ್ಕುವಂಥದ್ದು.
ಅದನ್ನು ಕೇಳುವುದಕ್ಕೇ ಸಂಬಳ.

ರಜೆಯಲ್ಲಿ ಬುತ್ತಿ ಕೊಂಡುಹೋದ ದಿನ
ಆಟಕ್ಕೆಂದು ಕೊಟ್ಟಳು, ಒಂದಾದ ಮೇಲೆ ಒಂದು.
"ಎಡ್ಡೆ," ಅಂದೆ. "ಎಡ್ಡೆ." "ಪುಡತ್‌ಂಡ್."
ನಗಲಿಲ್ಲ ಅವಳು. ತಾನೂ ಒಮ್ಮೆ ತಟ್ಟಿ ನೋಡಿ
ಕೆಂಪು ದೂಳಿನ ಬೆರಳನ್ನು ನನ್ನ ಕಿವಿಯ ಹಿಂದೆ ಒರೆಸಿದಳು.

ಭಾನುವಾರ ಬೇರೆ ಪಾಠ.
ಮನೆಯೊಳಗೆ ತುಳು, ದೇವರ ಹತ್ತಿರ ಕನ್ನಡ,
ಕಾಯರಿನಲ್ಲಿ ನನಗೆ ಎರಡನೇ ಸಾಲು.
"ರಾಗ ಎತ್ತುವವರು ಎತ್ತಲಿ, ನೀನು ಕೆಳಗಿನಿಂದ ಹಿಡಕೊ,"
ಸಲಿನ್ಸ್ ಮಾಸ್ಟ್ರು ಹೇಳುತ್ತಿದ್ದರು.
ಪಕ್ಕದವಳು ಕಾಲು ಸ್ವರ ಜಾರಿದರೆ ಸಾಕು
ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಮುಂದೆ ನನ್ನ ಕೆಲಸವೂ ತಟ್ಟುವುದೇ ಆಯಿತು, ಸೇತುವೆಗಳನ್ನು.
ವಿನೋದಿನಿ ಅಮ್ಮನ್ನ, ಸಹಾಯಕ ಎಂಜಿನಿಯರ್.
ಪರದೆಯ ಮೇಲೆ ಗೆರೆ ಓಡಿಸುವ ಯಂತ್ರಗಳಿದ್ದವು.
ಅವು ಬರುವ ಮೊದಲೇ ನಾನು ಸಣ್ಣ ಸುತ್ತಿಗೆ ಹಿಡಿದು
ಕಂಬವನ್ನು ಒಂದು ಮಾತು ಕೇಳುತ್ತಿದ್ದೆ.
ಸಂದರ್ಶನದಲ್ಲಿ, ಈ ಕ್ಷೇತ್ರಕ್ಕೇ ಯಾಕೆ ಬಂದಿರಿ ಅಂದಾಗ
ದೇಶದ ಅಭಿವೃದ್ಧಿ ಎಂದೇನೋ ಒದರಿದ್ದೆ.
ಅಂಕ ಕೊಟ್ಟರು. ಗೆಣ್ಣಿನ ಸುದ್ದಿ ನಾನೆತ್ತಲಿಲ್ಲ.

ಕಿವಿ ಅಮ್ಮನಿಂದ ಬಂತು, ಸರಿ.
ಅದೇ ಪೊಟ್ಟಣದಲ್ಲಿ ಕಟ್ಟಿ ಕೊಟ್ಟದ್ದು ಇನ್ನೊಂದಿದೆ.
ಆ ದಿನ ಗೇಟಿನಲ್ಲಿ ಲಾರಿ ಕಾಯುತ್ತಿತ್ತು.
ಅಮ್ಮ ಆಚೆಗಿಟ್ಟ ಮುನ್ನೂರರಷ್ಟು ಹೆಂಚನ್ನು
ಮೇಸ್ತ್ರಿ ಈಚೆಗೆ ಸೇರಿಸಿದ. ಅವಳು ನೋಡಿದಳು.
ನಾನು ಬಾಯಿ ತೆರೆದೆ: "ಅಮ್ಮಾ, ಅವು..."
"ಮನಿಪಂದೆ ಕುಲ್ಲು," ಅಂದಳು,
ಬೂತಾಯಿಯ ಮುಳ್ಳು ಬಿಡಿಸಿ ನನ್ನ ಅನ್ನದ ಮೇಲಿಡುತ್ತಾ.
ಆ ಅನ್ನ ಉಂಡೇ ನಾನು ಓದಿದ್ದು.

ಹದಿನಾಲ್ಕನೇ ಕಂಬ, ಹೊಳೆಯ ಕಡೆಯ ಮುಖ.
ನನ್ನ ಎದೆಯೆತ್ತರದಲ್ಲಿ ಆ ಹೆಸರಿಲ್ಲದ ಸದ್ದು.
ಗುತ್ತಿಗೆದಾರರು ಬೊಂಡ ಕೆತ್ತಿಸಿ ತರಿಸಿದರು.
ಮೇಲಿನವರು ಬಹಳ ಮರ್ಯಾದೆಯಿಂದ,
"ಯಂತ್ರ ಸರಿ ಇದೆ ಅನ್ನುತ್ತದಲ್ಲ ಮೇಡಂ" ಅಂದರು.
ನನ್ನ ಬಾಯೊಳಗೆ ಮಾತಿಗೆ ಜಾಗವಿರಲಿಲ್ಲ.
ಅಲ್ಲಿ ಆಗಲೇ ಕೂತಿದ್ದರು, ಮನಿಪಂದೆ,
ತಲೆಯ ಸಿಂಬಿ ಕೂಡ ಇಳಿಸದೆ,
ಅಮ್ಮ, ಅಜ್ಜಿ, ಅಜ್ಜಿಯ ತಾಯಿ, ಮಣ್ಣು ಹೊತ್ತವರೆಲ್ಲ.
ಅವರನ್ನು ಏಳಿಸಲು ಮುಕ್ಕಾಲು ಗಂಟೆ ಹಿಡಿಯಿತು.
ಹಲ್ಲು ಜುಮ್ಮೆನ್ನುತ್ತಲೇ ಇತ್ತು.
ಬರೆದೆ: ಟೊಳ್ಳು. ಮರುಪರೀಕ್ಷೆ ಆಗಬೇಕು. ಸಹಿ.
ಅಕ್ಷರ ಸೊಟ್ಟಗಿತ್ತು.

ಆಮೇಲೆ ಏನಾಯಿತೋ ನನಗೆ ತಿಳಿಸಲಿಲ್ಲ.
ಈಗ ಉಡುಪಿಯಲ್ಲಿ, ಕಡತಗಳ ವಿಭಾಗ.
ಕಾಗದಕ್ಕೆ ತಟ್ಟಿದರೆ ಸದ್ದೇ ಬರುವುದಿಲ್ಲ.
ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿದ್ದೆ ಹೋಗುತ್ತೇನೆ,
ಸೇತುವೆ ಬಂದರೆ ಎಚ್ಚರ.

ಕಾರ್ಖಾನೆ ಕೆಡವಿದ ಜಾಗದಲ್ಲೇ ನಮ್ಮ ಫ್ಲಾಟು, ನಾಲ್ಕನೇ ಮಹಡಿ.
ಹೊಸಮನೆಯ ಪ್ರಾರ್ಥನೆಯ ದಿನ
ಪಾದ್ರಿಗಳು ಆಮೆನ್ ಅನ್ನುವ ಮೊದಲೇ
ಅಮ್ಮ ಹಾಲಿನ ಗೋಡೆಗೆ ಗೆಣ್ಣು ತಾಗಿಸಿದಳು.
ಒಂದೇ ಸಲ.
ನಾನೂ ಕೇಳಿದೆ. ಮುಖ ಮುಖ ನೋಡಿಕೊಂಡೆವು.
ಸಾಲ ಇನ್ನು ಹದಿನೇಳು ವರ್ಷ.

ಕೇಕಿನ ತಟ್ಟೆ ಹಿಡಿದು ಹತ್ತಿರ ಬಂದು, ಮೆಲ್ಲಗೆ,
"ನೀನು ಬರೆದೆಯಲ್ಲ, ಆ ಕಂಬ ಎಷ್ಟನೆಯದ್ದು?"
"ಹದಿನಾಲ್ಕು."
"ಮುನ್ನೂರ ಹನ್ನೆರಡು," ಅಂದಳು.
ಅದು ಹೆಂಚಿನ ಲೆಕ್ಕ ಎಂದು ಹೊಳೆಯುವಷ್ಟರಲ್ಲಿ
ಅವಳು ಬೇರೆಯವರಿಗೆ ಕೇಕು ಕೊಡುತ್ತಿದ್ದಳು.