ಸೂರು ಎಂಬ ಊರಿನಲ್ಲಿ

ಸೂರು ಅಂದರೆ ನಮ್ಮ ಕಡೆ ಮಾಡಿನ ಅಂಚು.
ಇಲ್ಲಿ ಅದು ಊರಿನ ಹೆಸರು.
ಮಸ್ಕತ್ತಿನಿಂದ ಎರಡು ಗಂಟೆ,
ಎಡಕ್ಕೆ ಕಡಲು, ಬಲಕ್ಕೆ ಬೋಳು ಬೆಟ್ಟ,
ಡಿಕ್ಕಿಯಲ್ಲಿ ನಲವತ್ತು ಕೈಪಿಡಿ, ಒಂದು ಪ್ರೊಜೆಕ್ಟರ್,
ಗುರುವಾರದೊಳಗೆ ಸಹಿ ಬೀಳಬೇಕಾದ ನಮೂನೆ:
‘ಶಾಲೆ ಹೊಸ ಮಾನದಂಡಕ್ಕೆ ಬದಲಾಗಿದೆ. ಹೌದು / ಇಲ್ಲ.’

ಇದು ನನ್ನ ಏಳನೆಯ ಶಾಲೆ.
ಇಬ್ರಿಯಲ್ಲಿ ನಿದ್ದೆ ಹೋದರು.
ಸೊಹಾರ್‌ನಲ್ಲಿ ಜಗಳ ಆಡಿದರು.
ನಿಜ್ವಾದ ಪ್ರಿನ್ಸಿಪಾಲರು ಹಲ್ವಾ ಕೊಟ್ಟು
ಎಲ್ಲದಕ್ಕೂ ಹೌದು ಬರೆಸಿಕೊಂಡರು.

ಮಾತೆಲ್ಲ ಇಂಗ್ಲಿಷಿನಲ್ಲೇ. ಒಳಗೊಳಗೆ ಮಾತ್ರ
ಕನ್ನಡದ ಪದವನ್ನು ಕಾಯಿ ಒಡೆದ ಹಾಗೆ ಒಡೆದು ನೋಡುತ್ತೇನೆ:
ಮಾನ, ದಂಡ.
ಒಂದು ಹೋಳಲ್ಲಿ ಮರ್ಯಾದೆ, ಇನ್ನೊಂದರಲ್ಲಿ ಕೋಲು.
ಕೆಲವು ದಿನ ಬಂದದ್ದೇ ದಂಡ.

ಎರಡನೆಯ ದಿನ. ಗ್ರಂಥಾಲಯದ ಏಸಿ ಗೊರಕೆ ಹೊಡೆಯುತ್ತಿತ್ತು.
ನಾಲ್ಕನೆಯ ತರಗತಿ, ಗಣಿತ, ಅಂಶ ಹನ್ನೊಂದು:
‘ಮಗು ಉದ್ದವನ್ನು ಅಂದಾಜಿಸಬಲ್ಲದು.’
ಏಲಿಯಾಮ್ಮ ಟೀಚರ್ ಕೈಯೆತ್ತಿದರು.
ಇಪ್ಪತ್ತಾರು ವರ್ಷದ ಪಾಠಟಿಪ್ಪಣಿಗೆಲ್ಲ
ಕಂದು ಕಾಗದದ ಹೊದಿಕೆ ಹಾಕಿಟ್ಟವರು,
ಬರುವ ಜೂನಿಗೆ ನಿವೃತ್ತಿ.
‘ಅಂದಾಜು ಅಂದರೆ ಊಹೆ ತಾನೆ?’
ಹೌದು.
‘ಊಹಿಸಿ ಬರೆದರೆ ನಾನು ಅಂಕ ಕಡಿಯುತ್ತಿದ್ದೆ.
ಈಗ ಕೊಡಬೇಕೋ?’
ಕೊಡಬೇಕು, ಕಾರಣ ಹೇಳಿದರೆ.
ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು.
ಮತ್ತೆ ತೆಗೆದರು.

ಚಹಾದ ಹೊತ್ತಿಗೆ ಹೇಳಿದರು, ಕಿಟಕಿಗೆ ಹೇಳುವಂತೆ:
ಹೀರ್ಜಿ ಅಂತ ಒಬ್ಬನಿದ್ದ, ಮಾಂಡ್ವಿಯ ಬಡಗಿಯ ಮಗ.
ಅಪ್ಪನಿಗೆ ಹಡಗು ಕಟ್ಟುವ ಅಂಗಳದಲ್ಲಿ ಕೆಲಸ.
ನಕ್ಷೆಯಿಲ್ಲ, ಚೀಟಿಯಿಲ್ಲ,
ಒಂದು ಕಣ್ಣು ಮುಚ್ಚಿ ಹಲಗೆ ನೋಡಿದರೆ ಮುಗಿಯಿತು.
ಪರೀಕ್ಷೆಯಲ್ಲಿ ದೋಣಿಯ ಚಿತ್ರ ಕೊಟ್ಟು ಕೇಳಿದ್ದೆ: ಉದ್ದ ಎಷ್ಟು?
ಅಡಿಪಟ್ಟಿಯಿಟ್ಟು ‘ಆರು ಸೆಂಟಿಮೀಟರ್’ ಬರೆಯಬೇಕಿತ್ತು.
ಅವನು ಬರೆದ: ನನ್ನಪ್ಪನ ಹದಿನಾಲ್ಕು ಮಾರು.

‘ಕೆಂಪು ಗೀಟು ಎಳೆದೆ. ಪಟ್ಟಿಯಿಟ್ಟೇ ಎಳೆದೆ.’
ಆಮೇಲೆ, ‘ಆಗ ಕಡಿದ ಅಂಕಕ್ಕೆ
ನಿಮ್ಮ ನಮೂನೆಯಲ್ಲಿ ಕಲಂ ಇದೆಯಾ?’
ಇರಲಿಲ್ಲ.
ಬಿಸ್ಕತ್ತು ಚಹಾಕ್ಕೆ ಅದ್ದಿದೆ. ಮುರಿದು ಮುಳುಗಿತು.

ಸಂಜೆ ಅಂಗಳಕ್ಕೆ ಹೋದೆ. ಊರೆಗೋಲಿನ ಮೇಲೆ ಒಂದೇ ಹಡಗು,
ಅದೂ ಪ್ರವಾಸಿಗರಿಗೆ.
ಗಂಗೊಳ್ಳಿಯಲ್ಲಿ ನನ್ನಜ್ಜಿ ಬಲೆಯನ್ನು ಮಾರಿನಲ್ಲಿ ಅಳೆದು,
ಮೀನನ್ನು ಕಣ್ಣಲ್ಲೇ ಅಳೆದು ಮಾರುತ್ತಿದ್ದಳು.
ಲೆಕ್ಕ ತಪ್ಪಿದ್ದು ನೆನಪಿಲ್ಲ. ತಪ್ಪಿದ್ದರೂ
ಜಗಳದಲ್ಲಿ ಗೆದ್ದಿರುತ್ತಾಳೆ.
ನಾನೂ ಕೈ ಚಾಚಿ ಹಲಗೆಗೆ ಒರಗಿದೆ: ಒಂದು ಮಾರು, ಎರಡು.
ಕಾವಲುಗಾರ ಬೀಡಿ ಕೆಳಗಿಳಿಸಿ ನೋಡುತ್ತಿದ್ದ.
ಒಂಬತ್ತಕ್ಕೆ ಹಗ್ಗ ಅಡ್ಡ ಬಂತು. ಆಚೆ ಪ್ರವೇಶವಿಲ್ಲ.

ಮೂರನೆಯ ದಿನ, ನಾಲ್ಕು ‘ಬಿ’.
ಏಲಿಯಾಮ್ಮ ಎಲ್ಲರ ಸ್ಕೇಲು ಕೂಡಿಸಿ ಬೀರುವಿಗೆ ಹಾಕಿ
ಬೀಗ ಜಡಿದು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.
ನಾನು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ,
ಟಿಕ್ ಹಾಕುವ ಹಾಳೆ ಹಿಡಿದು.
‘ಕರಿಹಲಗೆ ಎಷ್ಟು ಉದ್ದ?’
ಸದ್ದಿಲ್ಲ.
ಮೂವತ್ತೊಂದು ಮಕ್ಕಳು ಹಲಗೆ ನೋಡಲಿಲ್ಲ,
ಟೀಚರ ಮುಖ ನೋಡಿದರು.
ಸ್ಕೇಲು ಕೊಡಿ ಎಂದು ಒಬ್ಬಳು ಅಳತೊಡಗಿದಳು.
ನನ್ನ ಹಾಳೆಯಲ್ಲಿ ಅಳುವಿಗೂ ಜಾಗವಿಲ್ಲ.

‘ತಪ್ಪು ಹೇಳಿ,’ ಅಂದರು ಏಲಿಯಾಮ್ಮ,
ದನಿ ಸ್ವಲ್ಪ ಒಡೆದಿತ್ತು, ‘ಪರವಾಗಿಲ್ಲ, ತಪ್ಪೇ ಹೇಳಿ.’

ಕೊನೆಗೆ ಒಬ್ಬ ಎದ್ದ. ಅಂಗಿಯ ಗುಂಡಿ ಮೇಲೆ ಕೆಳಗೆ.
‘ಟೀಚರ್, ಹತ್ತಿರ ಹೋಗಿ
ಕೈ ಚಾಚಿ ನೋಡಬಹುದಾ?’

ಅವರು ನನ್ನ ಕಡೆ ತಿರುಗಿದರು.
ನಾನು ಕೈಪಿಡಿ ತೆರೆದೆ, ಪುಟ ಮಗುಚಿದೆ.
ಅಷ್ಟರಲ್ಲಿ ಅವನು ಹೊರಟಾಗಿತ್ತು.