ಎರಡನೇ ವಾಯರು

ಸಂಜಿ ಐದಕ್ಕ ಖಾಸಿಂಸಾಬ ಬರ್ತಾನ,
ಗೇಟಿನ ಚಿಲಕ ಎರಡು ಸಲ ಬಡೀತಾನ.
ರೈಟ್, ಅಂತೀನಿ ಒಳಗಿಂದ.
ಮೂವತ್ತೊಂದು ವರ್ಷ ಅದೇ ಮಾತು,
ಕಲಬುರಗಿಯಿಂದ ಸೇಡಂ, ಸೇಡಂದಿಂದ ಕಲಬುರಗಿ.
ಅವನ ಎಡ ಮಣಕಾಲ ಕ್ಲಚ್ ತಿಂತು.
ನನ್ನ ಬಲ ಮಣಕಾಲ ತಿಂದದ್ದು ಯಾವುದೋ,
ಪಾವಟಿಗಿಯೋ, ಸೀಟಿನ ಕಬ್ಬಿಣವೋ,
ಟೆಂಗಳಿ ಕ್ರಾಸಿನ ಹಂಪೋ,
ಇನ್ನೂ ಲೆಕ್ಕ ಹತ್ತಿಲ್ಲ.

ಮಶೀನು ಇಬ್ಬರೂ ಕೂಡಿ ಕೊಂಡದ್ದು,
ಸೂಪರ್ ಮಾರ್ಕೆಟಿನ ಔಷಧ ಅಂಗಡಿಯಾಗ.
ನೋಟು ಅವಾ ಕೊಟ್ಟ, ಚಿಲ್ಲರ ನಾ.
ಅಂಗೈಯಷ್ಟು ಪೆಟಗಿ,
ಎರಡು ವಾಯರು, ನಾಕು ಅಂಟುಬಿಲ್ಲಿ,
ಎರಡು ಗುಂಡಿ, ಒಂದು ಅವನದು, ಒಂದು ನನ್ನದು.
ಬ್ಯಾನಿ ಪೂರಾ ಹೋಗಂಗಿಲ್ಲ ಕಾಕಾ,
ಬಾಗಿಲದಾಗ ನಿಂದರ್ತದ, ಒಳಗ ಬರಂಗಿಲ್ಲ,
ಅಂದಿದ್ಲು ಫಿಜಿಯೋಥೆರಪಿ ಹುಡುಗಿ.
ಖಾಸಿಂ ನಕ್ಕ:
ನಮ್ಮ ಬಸ್ಸಿನಾಗ ಬಾಗಿಲದಾಗ ನಿಂತವರಿಗೆ
ಒಳಗ ಸರೀರಿ, ಒಳಗ ಸರೀರಿ ಅಂತ
ಇವನೇ ಒದರ್ತಿದ್ದ ತಾಯಿ.

ಕೆಂಪು ದೀಪದ ಶಾಖನೂ ಬರದು ಕೊಟ್ಟಿದ್ಲು.
ಮೇ ತಿಂಗಳು, ನಲವತ್ತನಾಕು ಡಿಗ್ರಿ,
ಅಂಗಳದ ಹಾಸಗಲ್ಲು ಹಂಚಾಗಿ ಕುಂತದ.
ಅದು ಪುಕಟ್ ಶಾಖ, ಕಾಲು ಚಾಚು ಸಾಕು, ಅಂದ.
ದೀಪದ ರೊಕ್ಕ ಉಳೀತು.

ಬಿಲ್ಲಿಗೆ ಒಂದು ಹನಿ ನೀರು ಸವರಿ
ಚಿಪ್ಪಿನ ಆ ಕಡಿ ಒಂದು, ಈ ಕಡಿ ಒಂದು.
ಗುಂಡಿ ತಿರುವಿದ್ರ ಮೊದಲ ಇರವಿ,
ಆಮ್ಯಾಲ ಮಳಖೇಡದ ಕಾಗಿಣಾ ಸೇತುವಿ ಮ್ಯಾಲ
ಖಾಲಿ ಬಸ್ಸು ನಡುಗಿದಂಗ.
ಬಂತೇನೋ? ಕೇಳ್ತೀನಿ.
ಬಂತು ಬಂತು, ಅಂತಾನ.
ಎಷ್ಟರಾಗ ಅದ?
ಆರರಾಗ. ನೀ ಆರಾಮ ಕುಂಡ್ರು.
ಇಪ್ಪತ್ತು ನಿಮಿಷ ಗ್ವಾಡಿಗೆ ಬೆನ್ನು ಹಚ್ಚಿ
ಸತ್ತ ಡಿಪೋ ಮ್ಯಾನೇಜರಗ ಬೈಕೋತ.
ಟೀಂ ಅಂತ ಮಶೀನು ತಾನೇ ಆರಿದ ಮ್ಯಾಲ
ಅವಾ ಕಿಟಕಿ ಸರಳ ಹಿಡದು ಏಳ್ತಾನ,
ನಾ ಅವನ ಭುಜ ಹಿಡದು.

ನಿನ್ನಿ ಮುಂಜಾನಿ ಬಿಲ್ಲಿ ಒರಸೂಮುಂದ
ಅವನ ವಾಯರ ನನ್ನ ಅಂಗೈಗೆ ಹಚ್ಚಿ ನೋಡಿದೆ,
ಸುಮ್ಮನ.
ಗುಂಡಿ ಆರಕ್ಕ. ಎಂಟಕ್ಕ. ಹತ್ತಕ್ಕ.
ಒಂದು ಇರವಿನೂ ಹರೀಲಿಲ್ಲ.
ಪಿನ್ನಿನ ಬುಡದಾಗ ತಂತಿ ತುಂಡಾಗಿ
ಹಸರು ಜಂಗ ಹಿಡದಿತ್ತು.
ಜಂಗ ಹಿಡಿಯಾಕ ಎಷ್ಟು ದಿನ ಬೇಕು?
ರಂಜಾನ್ ಮೊದಲೋ, ಆಮ್ಯಾಲೋ?
ಟಿಕೀಟಿಲ್ಲದವರನ್ನ ಮಾರಿ ನೋಡೇ ಹಿಡದವ ನಾ,
ಬಾಜೂಕ ಕುಂತವನ್ನ ಹಿಡೀಲಿಲ್ಲ.
ಹೇಳಿದ್ರ ನನ್ನ ವಾಯರ ಅವನಿಗೆ ಕೊಡ್ತಿದ್ದೆ,
ಅದು ಅವನಿಗೆ ಗೊತ್ತು.
ಯಾಕ ಹಂಗ ಕುಂತೀರಿ, ಬ್ಯಾನಿ ಹೆಚ್ಚಾತೇನು?
ಒಲಿ ಮುಂದಿಂದ ಸುಗಲಾಬಾಯಿ ಕೇಳಿದ್ಲು.
ಇಲ್ಲ, ಲೆಕ್ಕ ತಪ್ಯಾದ, ಅಂದೆ.

ಇವತ್ತು ಐದಕ್ಕ ಚಿಲಕ ಎರಡು ಸಲ.
ರೈಟ್.
ಅವಾ ಮಾರಿ ತೊಳಕೊಳ್ಳಾಕ ಹೋದಾಗ
ವಾಯರ ಅದಲುಬದಲು ಮಾಡಿದೆ.
ಬಂದು ಕುಂತು, ಬಿಲ್ಲಿ ಹಚ್ಚಿಕೊಂಡು,
ತನ್ನ ಗುಂಡಿ ಸೀದಾ ಆರಕ್ಕ ತಿರುವಿದ, ರೂಢಿ.
ಮಣಕಾಲ ಗಕ್ಕನ ಹಾರಿತು
ಸಿಟ್ಟಿನಾಗ ಕ್ಲಚ್ ಬಿಟ್ಟಂಗ.
ಯಾ ಅಲ್ಲಾ, ಅಂದವನೇ
ಕಾಲು ನೋಡಿದ, ವಾಯರ ನೋಡಿದ,
ಆಮ್ಯಾಲ ನನ್ನ.
ಬಂತೇನೋ? ಅಂದೆ.
ಗುಂಡಿ ಮೂರಕ್ಕ ಇಳಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ.
ನಿನಗ? ಅಂದ.
ಬಂತು ಬಂತು.

ಹೊಸ ವಾಯರಿಗೆ ನೂರಾ ಎಂಬತ್ತಂತ.
ನಾಳಿ ಸಿಟಿ ಬಸ್ಸಿಗೆ ಹೋಗಬೇಕು ಇಬ್ಬರೂ.
ಹತ್ತೂದು ಅವನಿಗೆ ತ್ರಾಸು,
ಇಳಿಯೂದು ನನಗ.